ಖಾತೆಯಲ್ಲಿ ರೊಕ್ಕ ಇದೆ, ಆದರೂ ಎದೆ ಡವಡವ ಅನ್ನುತ್ತದೆ. ನಿಮಗೂ ಹೀಗಾಗುತ್ತಾ?

ಬ್ಯಾಡಗಿ ಮಗಳು (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಯಾರ ಹತ್ತಿರ ಕೇಳಬೇಕು ಅಂತ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನಗೆ 34 ವರ್ಷ. ಗೋಕುಲ ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಪಗಾರ 31 ಸಾವಿರ, ನಮ್ಮ ಯಜಮಾನರದೂ ಹೆಚ್ಚು ಕಡಿಮೆ ಅಷ್ಟೇ. ಬಾಡಿಗೆ, ಮಗಳ ಫೀ, ಅತ್ತೆಯವರ ಔಷಧಿ ಎಲ್ಲಾ ಕಳೆದು ತಿಂಗಳಿಗೆ ಏಳೆಂಟು ಸಾವಿರ ಉಳಿಯುತ್ತದೆ. ಸಾಲ ಇಲ್ಲ. ಸೇವಿಂಗ್ಸ್ ಖಾತೆಯಲ್ಲಿ 2 ಲಕ್ಷ 60 ಸಾವಿರ ಸುಮ್ನೆ ಬಿದ್ದಿದೆ. ಲೆಕ್ಕ ಹಾಕಿದರೆ ನಾವು ಆರಾಮಾಗಿದ್ದೇವೆ. ನನಗೆ ಮಾತ್ರ ಒಂದು ದಿನವೂ ಆರಾಮ ಅನಿಸಿಲ್ಲ.

ಆಫೀಸಿನಲ್ಲಿ ಲಕ್ಷಗಟ್ಟಲೆ ಬಿಲ್ಲು ನೋಡುತ್ತೇನೆ, ಏನೂ ಆಗುವುದಿಲ್ಲ. ನನ್ನದೇ ಬ್ಯಾಂಕಿನ ಆಪ್ ತೆರೆಯಬೇಕು ಅಂದರೆ ಕೈ ತಣ್ಣಗಾಗುತ್ತದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವುದಿಲ್ಲ. ಸಂಜೆ ಯಾರಾದರೂ ಬಾಗಿಲು ಬಡಿದರೆ ಈಗಲೂ ಒಂದು ಕ್ಷಣ ಉಸಿರು ನಿಲ್ಲುತ್ತದೆ. ಚಪ್ಪಲಿ ಹರಿದಿದೆ, ಮೂರು ಸಲ ಹೊಲಿಸಿದೆ, ಹೊಸದು ಕೊಳ್ಳಲು ದುರ್ಗದಬೈಲ್‌ಗೆ ಹೋಗಿ ಅಂಗಡಿ ಮುಂದೆ ನಿಂತು ವಾಪಸ್ ಬಂದೆ.

ಇದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಬ್ಯಾಡಗಿ ಹತ್ತಿರದ ಹಳ್ಳಿ ನಮ್ಮದು. ಅಪ್ಪ ನಾಲ್ಕು ಎಕರೆಯಲ್ಲಿ ಮೆಣಸಿನಕಾಯಿ ಬೆಳೆಯುತ್ತಿದ್ದರು. ಬೀಜ, ಗೊಬ್ಬರ, ಔಷಧಿಗೆ ದಲಾಲಿ ಅಂಗಡಿಯಲ್ಲಿ ಮುಂಗಡ ತರುವುದು, ಕಾಯಿ ಬಿಡಿಸಿ ಒಣಗಿಸಿ ಅದೇ ಅಂಗಡಿಗೆ ಹಾಕುವುದು, ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬಂದಾಗ ಮುಂಗಡ ಬಡ್ಡಿ ಎಲ್ಲಾ ಮುರಿದುಕೊಂಡು ಉಳಿಯುವುದು ಇಷ್ಟೇ ಇಷ್ಟು. ಅದು ಸಾಲದೆ ಊರಲ್ಲಿ ಕೈಗಡ. ಕೊಟ್ಟವರು ಸಂಜೆ ಹೊತ್ತು ಬಾಗಿಲಿಗೆ ಬರುತ್ತಿದ್ದರು. ಅಪ್ಪ ಒಳಗೆ ಅಡುಗೆಮನೆಯಲ್ಲಿ ಒಲೆ ಮುಂದೆ ಕುಳಿತಿರುತ್ತಿದ್ದರು. ಅವ್ವ ನನ್ನನ್ನು ಹೊರಗೆ ಕಳಿಸುತ್ತಿದ್ದಳು, "ಅಪ್ಪ ಮನ್ಯಾಗ ಇಲ್ಲ ಅಂತ ಹೇಳು ಹೋಗು" ಅಂತ. ನನಗಾಗ ಒಂಬತ್ತು ವರ್ಷ. ಅವರ ಮುಖ ನೋಡದೆ, ಹೊಸ್ತಿಲು ನೋಡುತ್ತಾ ಹೇಳುತ್ತಿದ್ದೆ.

ಇಷ್ಟು ವರ್ಷ ಹೇಗೋ ನಡೆಸಿಕೊಂಡು ಬಂದೆ. ಹೋದ ತಿಂಗಳು ಮಗಳ ಶಾಲೆಯಿಂದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಪ್ರವಾಸ ಇತ್ತು. 700 ರೂಪಾಯಿ. ನಾನು ಬೇಡ ಅಂದೆ. ಯಾಕೆ ಅಂತ ಕೇಳಿದಳು, ಈಗ ಖರ್ಚು ಜಾಸ್ತಿ ಆಗಿದೆ ಅಂದೆ. ಅವಳು ಹಟ ಮಾಡಲಿಲ್ಲ. ಆಮೇಲೆ ಅವಳ ಟೀಚರ್ ಸಂತೆಯಲ್ಲಿ ಸಿಕ್ಕವರು "ಊರಿಂದ ಯಾವಾಗ ಬಂದಿರಿ?" ಅಂತ ಕೇಳಿದರು. ಪ್ರವಾಸದ ದಿನ ನಾವೆಲ್ಲ ಊರಿಗೆ ಹೋಗುತ್ತೇವೆ ಅಂತ ಮಗಳು ಹೇಳಿಬಿಟ್ಟಿದ್ದಾಳೆ. ನಾನು ಹೇಳಿಕೊಟ್ಟಿರಲಿಲ್ಲ. ಅವಳಿಗೂ ಈಗ ಒಂಬತ್ತು ವರ್ಷ.

ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಎಲ್ಲಿ ಹೂಡಿಕೆ ಮಾಡಬೇಕು ಅನ್ನುವ ಸಲಹೆ ಬೇಡ. ಈ ಹೆದರಿಕೆಯಿಂದ ಯಾರಾದರೂ ಹೊರಗೆ ಬಂದಿದ್ದರೆ ಹೇಗೆ ಬಂದಿರಿ ಅಂತ ಹೇಳಿ.

---

ಬೆಟಗೇರಿ ಕಾಕಾ (ಗದಗ)

ತಂಗಿ, ನಿನ್ನದನ್ನು ಎರಡು ಸಲ ಓದಿದೆ. ಗದಗ ತಾಲೂಕಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಕೌಂಟರಿನ ಈಚೆ ಕುಳಿತು ನೋಡಿದ್ದನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ನಿನಗೆ ಹುಚ್ಚು ಹಿಡಿದಿಲ್ಲ. ನಿಮ್ಮ ಮನೆಯಲ್ಲಿ ಆ ಹೆದರಿಕೆ ಬೇಕಾಗಿಯೇ ಇತ್ತು. ಮೆಣಸಿನಕಾಯಿ ರೊಕ್ಕ ಬರುವುದು ವರ್ಷಕ್ಕೊಮ್ಮೆ. ಸಂಕ್ರಾಂತಿ ಆದ ಮೇಲೆ ಮಾರುಕಟ್ಟೆಗೆ ಹೋದ ಚೀಲದ ರೊಕ್ಕದಲ್ಲಿ ಮುಂದಿನ ಸಂಕ್ರಾಂತಿ ತನಕ ಬದುಕಬೇಕು. ಅದರ ರೇಟು ನಿಮ್ಮ ಅಪ್ಪನ ಕೈಯಲ್ಲಿ ಇರಲಿಲ್ಲ, ಈಗಲೂ ಯಾವ ರೈತನ ಕೈಯಲ್ಲೂ ಇಲ್ಲ. 2024ರ ಮಾರ್ಚ್‌ನಲ್ಲಿ ರೇಟು ಒಮ್ಮೆಲೇ ಬಿದ್ದಾಗ ಬ್ಯಾಡಗಿ ಎಪಿಎಂಸಿಯಲ್ಲಿ ಗಾಡಿಗಳಿಗೆ ಬೆಂಕಿ ಬಿದ್ದದ್ದನ್ನು ನಾವೆಲ್ಲ ನೋಡಿದೆವಲ್ಲ. ಅಂಥ ಮನೆಯಲ್ಲಿ ಆಷಾಢದಲ್ಲಿ ಒಂದು ಜೊತೆ ಚಪ್ಪಲಿ ಕೊಂಡರೆ ದೀಪಾವಳಿ ಹೊತ್ತಿಗೆ ಎಣ್ಣೆಗೆ ಕಡಿಮೆ ಬೀಳುತ್ತಿತ್ತು. ನಿಮ್ಮ ಅವ್ವ ಕೈ ಬಿಗಿಹಿಡಿದದ್ದಕ್ಕೆ ನೀನು ಓದಿದೆ. ಆ ಬುದ್ಧಿ ನಿನಗೂ ಬಂದಿದೆ. ಈಗ ನಿನ್ನ ರೊಕ್ಕ ಪ್ರತಿ ತಿಂಗಳು ಬರುತ್ತದೆ, ಆದರೆ ಮೈಗೆ ಅದು ಇನ್ನೂ ತಿಳಿದಿಲ್ಲ.

ಎರಡನೆಯದು ನಾಚಿಕೆ. ಇದರ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ, ಯಾಕಂದರೆ ಬಡತನಕ್ಕಿಂತ ಇದರಿಂದಲೇ ಹಾಳಾದ ಮನೆಗಳನ್ನು ಕಂಡಿದ್ದೇನೆ. ನಮ್ಮ ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು, ಏಷ್ಯಾದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು. ಸಾಹುಕಾರನ ಮನೆ ಮುಂದೆ ತಲೆ ತಗ್ಗಿಸಿ ನಿಲ್ಲುವ ರೈತ, ತನ್ನದೇ ಸಂಘದಲ್ಲಿ ಸದಸ್ಯನಾಗಿ ನಿಲ್ಲಬೇಕು ಅನ್ನುವುದು ಅದರ ಆಸೆ. ಅಷ್ಟು ಹಳೆಯ ಸಂಘದ ಊರಿರುವ ತಾಲೂಕಿನಲ್ಲೂ ನಾನು ನೋಡಿದ್ದೇನು ಗೊತ್ತಾ? ಸಂಘದಲ್ಲಿ ಶೂನ್ಯ ಬಡ್ಡಿಗೆ ಬೆಳೆಸಾಲ ಸಿಗುತ್ತಿತ್ತು. ಆದರೂ ಹಳೆಯ ಬಾಕಿ ಇದ್ದವರು ಕಮಿಟಿಯವರ ಮುಂದೆ ಕುಳಿತು ಮಾತಾಡಲು ನಾಚಿ, ಹೊರಗೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತರುತ್ತಿದ್ದರು. ವರ್ಷಕ್ಕೆ ಲೆಕ್ಕ ಹಾಕು, ನೂರಕ್ಕೆ 36 ಆಯಿತು. ಬಂದು ಕುಳಿತು "ಕಟ್ಟಲು ಆಗಿಲ್ಲ, ಏನು ಮಾಡಲಿ?" ಅಂತ ಕೇಳಿದವರಿಗೆ ನಾವು ಏನಾದರೂ ಒಂದು ದಾರಿ ಹುಡುಕುತ್ತಿದ್ದೆವು. ನೋಟಿಸನ್ನು ಒಡೆಯದೆ ಜಂತಿಗೆ ಸಿಕ್ಕಿಸಿದವರಿಗೆ ಏನು ಮಾಡಲೂ ಆಗುತ್ತಿರಲಿಲ್ಲ. ನೀನು ಆಪ್ ತೆರೆಯದೆ ಇರುವುದು ನನಗೆ ಆ ಜಂತಿಯ ಕಾಗದದಂತೆಯೇ ಕಾಣುತ್ತದೆ, ಬೇಸರ ಮಾಡಿಕೊಳ್ಳಬೇಡ.

ಸಲಹೆ ಬೇಡ ಅಂದೆ, ಆದರೂ ಒಂದು ಹೇಳಲೇಬೇಕು. ಆ 2 ಲಕ್ಷ 60 ಸಾವಿರ ಯಾತಕ್ಕೆ ಅಂತ ನೀನು ಹೆಸರು ಇಟ್ಟಿಲ್ಲ. ಹಾಗಾಗಿ ಅದರಲ್ಲಿ ಒಂದು ರೂಪಾಯಿ ತೆಗೆದರೂ ಎಲ್ಲಾ ಹೋಯಿತು ಅನಿಸುತ್ತದೆ. ನಿಮ್ಮ ಮನೆ ಖರ್ಚು ತಿಂಗಳಿಗೆ ಸುಮಾರು 54 ಸಾವಿರ. ಮೂರು ತಿಂಗಳದ್ದು 1 ಲಕ್ಷ 62 ಸಾವಿರ. ಅಷ್ಟನ್ನು ಬೇರೆ ಬ್ಯಾಂಕಿನಲ್ಲಿ ಎಫ್‌ಡಿ ಮಾಡಿ ಅದಕ್ಕೆ ಆಪತ್ತಿನ ರೊಕ್ಕ ಅಂತ ಹೆಸರಿಡು. ಬ್ಯಾಂಕೇ ಆಗಲಿ, ಯಾಕಂದರೆ ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷದ ತನಕ ವಿಮೆ ಇದೆ. ಪತ್ತಿನ ಸಂಘ, ಸೌಹಾರ್ದ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ, ಸಂಘದಲ್ಲೇ ಬಾಳಿದ ನಾನೇ ಇದನ್ನು ಹೇಳುತ್ತಿದ್ದೇನೆ. ಉಳಿದ 98 ಸಾವಿರದಲ್ಲಿ 60 ಸಾವಿರ ಅತ್ತೆಯವರ ಆಸ್ಪತ್ರೆಗೆ ಅಂತ ಇಡು. ಮಿಕ್ಕದ್ದು ನಿಮ್ಮ ಕೈ ಖರ್ಚಿಗೆ. ಚಪ್ಪಲಿ ಆ ಮಿಕ್ಕಿದ್ದರಿಂದ ಬರಲಿ, ಮಗಳ ಪ್ರವಾಸವೂ ಅದರಿಂದಲೇ.

---

ಸಪ್ತಾಪುರ ಅಕ್ಕ (ಧಾರವಾಡ)

ಕಾಕಾ ಅವರು ಲೆಕ್ಕದ ಮಾತು ಹೇಳಿದರು, ಸರಿಯಾಗಿದೆ. ಆದರೆ ಹೆಸರಿಟ್ಟ ಮಾತ್ರಕ್ಕೆ ಕೈ ತಣ್ಣಗಾಗುವುದು ನಿಲ್ಲುವುದಿಲ್ಲ ತಂಗಿ. ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ.

ಅವಳಿನಗರದಲ್ಲಿ ನೀರಿನ ಕಷ್ಟ ನಿನಗೆ ಗೊತ್ತಿದ್ದದ್ದೇ. ವಾರಕ್ಕೊಮ್ಮೆ ನಳ ಬರುತ್ತಿತ್ತು, ಬಂದಾಗ ಕೊಡ, ಬಕೆಟ್, ಡ್ರಮ್, ಕೊನೆಗೆ ಪಾತ್ರೆಪಗಡೆಯನ್ನೂ ತುಂಬಿಸಿಡುತ್ತಿದ್ದೆವು. 2008ರಲ್ಲಿ ಕೆಲವು ವಾರ್ಡುಗಳಿಗೆ ಪ್ರಾಯೋಗಿಕವಾಗಿ 24 ತಾಸು ನೀರು ಕೊಟ್ಟರು, ಅದರಲ್ಲಿ ನಾವಾಗ ಇದ್ದ ಮನೆಯೂ ಬಂತು. ನಮಗೆಲ್ಲ ಹಬ್ಬ. ಅತ್ತೆ ಮಾತ್ರ ದಿನಾ ಬೆಳಿಗ್ಗೆ ಎದ್ದು ನಾಲ್ಕೂ ಡ್ರಮ್ ತುಂಬಿಸುತ್ತಲೇ ಇದ್ದರು. ಹಿಂದಿನ ದಿನದ ನೀರು ಚೆಲ್ಲಿ ಹೊಸದು ತುಂಬುವುದು. ನಾವು ನಕ್ಕೆವು, ಬೈದೆವು, ನೀರು ದಂಡ ಅಂತ ಜಗಳ ಮಾಡಿದೆವು. ಏನೂ ಉಪಯೋಗ ಆಗಲಿಲ್ಲ.

ಆಮೇಲೆ ಒಂದು ರಾತ್ರಿ ಮೂರು ಗಂಟೆಗೆ ಅಡುಗೆಮನೆಯಲ್ಲಿ ಸಪ್ಪಳ ಕೇಳಿ ಎದ್ದು ಹೋದೆ. ಅತ್ತೆ ಕತ್ತಲಲ್ಲಿ ನಳ ತಿರುಗಿಸಿ ಕೈ ಒಡ್ಡಿ ನಿಂತಿದ್ದರು. ನೀರು ಬರುತ್ತಿತ್ತು. ಬಂದ್ ಮಾಡಿ ಹೋಗಿ ಮಲಗಿದರು. ಹೀಗೆ ಎಷ್ಟೋ ದಿನ, ಹೊತ್ತಲ್ಲದ ಹೊತ್ತಿನಲ್ಲಿ ಪರೀಕ್ಷೆ ಮಾಡುತ್ತಿದ್ದರು. ದೀಪಾವಳಿಗೆ ಒಂದು ಡ್ರಮ್ಮನ್ನು ತಾವೇ ಮಾಳಿಗೆಗೆ ಹಾಕಿಸಿದರು. ಯುಗಾದಿ ಹೊತ್ತಿಗೆ ಇನ್ನೆರಡು. ಒಂದನ್ನು ಕೊನೆಯ ತನಕ ಬಿಡಲಿಲ್ಲ, ಇರಲಿ ಬಿಡು, ಅದು ಅವರ ಸಮಾಧಾನ.

ನೀನೂ ಹಾಗೇ ಮಾಡಿ ನೋಡು. ಬಿಲ್ಲು ಕಟ್ಟುವಾಗ, ಯಾರೋ ಕೇಳಿದಾಗ ಆಪ್ ತೆರೆದರೆ ಹೆದರಿಕೆಯ ಜೊತೆಗೇ ತೆರೆದ ಹಾಗೆ. ಏನೂ ಕೆಲಸ ಇಲ್ಲದಾಗ ತೆರೆ. ಚಿಗರಿ ಬಸ್ಸಿನಲ್ಲಿ ಕುಳಿತಾಗ, ಮಧ್ಯಾಹ್ನ ಊಟ ಆದ ಮೇಲೆ. ನೋಡು, ಮುಚ್ಚು, ಅಷ್ಟೇ. ಏನೂ ತೀರ್ಮಾನ ಮಾಡಬೇಡ. ಮೊದಲ ಕೆಲವು ದಿನ ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ನಿನಗೆ ಬೈದರೆ, ಬುದ್ಧಿ ಹೇಳಿದರೆ ಅದು ಹೋಗುವುದಿಲ್ಲ. ರೊಕ್ಕ ಇವತ್ತೂ ಅಲ್ಲೇ ಇದೆ ಅಂತ ನೀನೇ ಕಣ್ಣಾರೆ ನೋಡಬೇಕು, ಮತ್ತೆ ಮತ್ತೆ.

ಇನ್ನೊಂದು, ಬಾಗಿಲ ಸಪ್ಪಳಕ್ಕೆ ಉಸಿರು ನಿಲ್ಲುತ್ತದೆ ಅಂದೆಯಲ್ಲ, ನಿದ್ದೆಯೂ ಹೋಗುತ್ತಿದ್ದರೆ ಸುಮ್ನೆ ಬಿಡಬೇಡ. 14416ಕ್ಕೆ ಫೋನ್ ಮಾಡು, ಟೆಲಿಮಾನಸ್ ಅಂತ, ಮನಸ್ಸಿನ ತೊಂದರೆಗೆ ಸರಕಾರದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲಾ ಧಾರವಾಡಕ್ಕೆ ಬಾ, ಬೆಳಗಾವಿ ರಸ್ತೆಯಲ್ಲಿ ಡಿಮ್ಹಾನ್ಸ್ ಇದೆ, ಸರಕಾರದ ಮಾನಸಿಕ ಆಸ್ಪತ್ರೆ. ಅಲ್ಲಿಗೆ ಹೋಗುವುದು ನಾಚಿಕೆಯ ಮಾತಲ್ಲ, ನಾನೂ ಹೋಗಿದ್ದೇನೆ.

---

ವಿದ್ಯಾನಗರ ಹುಡುಗ (ಹುಬ್ಬಳ್ಳಿ)

ಅಕ್ಕಾ, ನನ್ನದು ನಿಮಗೆ ಪೂರ್ತಿ ಉಲ್ಟಾ ಕಥೆ, ಆದರೆ ಬೇರು ಒಂದೇ ಅಂತ ನನಗೆ ಅನಿಸುತ್ತಿದೆ. ನಮ್ಮ ಮನೆಯಲ್ಲೂ ಉದ್ರಿ ಇತ್ತು. ಕಿರಾಣಿ ಅಂಗಡಿಗೆ ನನ್ನನ್ನೇ ಕಳಿಸುತ್ತಿದ್ದರು, ಅಂಗಡಿಯವರು ಎಲ್ಲರ ಮುಂದೆ ಪುಸ್ತಕ ತೆಗೆದು ಬಾಕಿ ಓದುತ್ತಿದ್ದರು. ಇನ್ನು ಮೇಲೆ ಯಾರೂ ನನ್ನನ್ನು ಹಾಗೆ ನೋಡಬಾರದು ಅಂತ ಅವತ್ತೇ ಅಂದುಕೊಂಡಿದ್ದೆ. ಪಗಾರ ಶುರುವಾದ ಮೇಲೆ ಫೋನು, ಬೈಕು, ಗೆಳೆಯರ ಮದುವೆಗೆ ದೊಡ್ಡ ಉಡುಗೊರೆ, ಹೋಟೆಲಿನಲ್ಲಿ ಬಿಲ್ಲು ಯಾವಾಗಲೂ ನನ್ನದೇ. ಭಿಶಿ (ಚೀಟಿ) ರೊಕ್ಕವನ್ನೂ ಮೊದಲೇ ಎತ್ತಿಕೊಂಡು ಖರ್ಚು ಮಾಡಿದೆ. ಕ್ರೆಡಿಟ್ ಕಾರ್ಡಿನಲ್ಲಿ 80 ಸಾವಿರ ಬಾಕಿ ಆಯಿತು, ಮನೆಯವಳಿಗೆ ಗೊತ್ತಿರಲಿಲ್ಲ.

ನಾನು ಪ್ರತಿ ತಿಂಗಳು ಅದರ ಮಿನಿಮಮ್ ಕಟ್ಟುತ್ತಿದ್ದೆ, ಸುಮಾರು 4 ಸಾವಿರ. ಕಟ್ಟುತ್ತಿದ್ದೇನಲ್ಲ ಅಂತ ಸಮಾಧಾನ. ಒಂದು ದಿನ ಕುಳಿತು ಸ್ಟೇಟ್‌ಮೆಂಟ್ ಓದಿದೆ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ 2,800. ಅದರ ಮೇಲೆ ಜಿಎಸ್‌ಟಿ 504. ನಾನು ಕಟ್ಟಿದ 4 ಸಾವಿರದಲ್ಲಿ ಅಸಲಿಗೆ ಹೋಗುತ್ತಿದ್ದದ್ದು 700 ರೂಪಾಯಿ ಕೂಡ ಅಲ್ಲ. ಕಾಕಾ ಅವರು ಹೇಳಿದ ಮೂರು ರೂಪಾಯಿ ಬಡ್ಡಿಗಿಂತ ಇದು ದುಬಾರಿ. ಸಾಹುಕಾರ ಬಾಗಿಲಿಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಹೆಂಡತಿಗೆ ಹೇಳಿದ ದಿನ ಕಷ್ಟ ಆಯಿತು, ಅತ್ತಳು, ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತನ್ನ ಬಳೆ ತಂದು ಮುಂದಿಟ್ಟಳು. ಗಿರವಿ ಇಟ್ಟು ಬ್ಯಾಂಕಿನ ಚಿನ್ನದ ಸಾಲ ತೆಗೆದು ಕಾರ್ಡು ಮುಗಿಸಿದೆವು, ಅದರ ಬಡ್ಡಿ ಕಾರ್ಡಿನದಕ್ಕಿಂತ ಎಷ್ಟೋ ಕಡಿಮೆ. ಬಳೆ ಬಿಡಿಸಿಕೊಳ್ಳಲು 14 ತಿಂಗಳು ಹಿಡಿಯಿತು. ನಿಮ್ಮ ಯಜಮಾನರಿಗೆ ಬಾಗಿಲ ಕಥೆ ಹೇಳಿದ್ದೀರಾ ಅಕ್ಕಾ? ಇಲ್ಲದಿದ್ದರೆ ಮೊದಲು ಅದನ್ನು ಹೇಳಿ.

---

ತಾರಿಹಾಳ ಶಿಫ್ಟ್ (ಹುಬ್ಬಳ್ಳಿ)

ಎಲ್ಲಾ ಓದಿದೆ. ಯಾರಿಗೂ ನೋವು ಮಾಡಬೇಕು ಅಂತ ಅಲ್ಲ, ಆದರೆ ಹೇಳದೆ ಇರಲಾರೆ. ನನ್ನ ಪಗಾರ 14 ಸಾವಿರ, ಗುತ್ತಿಗೆ ಕೆಲಸ. ಮನೆಯವಳು ಮೂರು ಕಡೆ ಮೈಕ್ರೋಫೈನಾನ್ಸ್ ಸಂಘದ ಸಾಲ ತೆಗೆದಿದ್ದಾಳೆ, ಒಂದರ ಕಂತು ಕಟ್ಟಲು ಇನ್ನೊಂದು. ನನಗೆ ಇರುವ ಹೆದರಿಕೆ ಮನಸ್ಸಿನದಲ್ಲ, ನಿಜವಾಗಿಯೂ ರೊಕ್ಕ ಇಲ್ಲ. ವಸೂಲಿಯವರು ರಾತ್ರಿ ಎಂಟಕ್ಕೆ ಬಂದು ಕಟ್ಟೆ ಮೇಲೆ ಕೂರುತ್ತಾರೆ. ನನ್ನ ಮಗ ಈಗಲೂ ಹೊರಗೆ ಹೋಗಿ "ಅಪ್ಪ ಇಲ್ಲ" ಅನ್ನುತ್ತಾನೆ. ಆಪ್ ತೆರೆದು ನೋಡಿದರೆ ನನಗೇನು ಸಿಗುತ್ತದೆ?

---

ಬೆಟಗೇರಿ ಕಾಕಾ (ಗದಗ)

ತಮ್ಮಾ, ನೀನು ಹೇಳಿದ್ದು ನಿಜ. ರೊಕ್ಕವೇ ಸಾಲದಿದ್ದವನಿಗೆ ಮನಸ್ಸು ಗಟ್ಟಿ ಮಾಡಿಕೋ ಅನ್ನುವುದು ತಪ್ಪು. ನಿನಗೆ ಬೇಕಾದದ್ದು ಕಾನೂನಿನ ಮಾತು, ಅದನ್ನು ಹೇಳುತ್ತೇನೆ, ಬರೆದಿಟ್ಟುಕೋ.

2022ರಲ್ಲಿ ರಿಸರ್ವ್ ಬ್ಯಾಂಕ್ ಮೈಕ್ರೋಫೈನಾನ್ಸ್ ಸಾಲಕ್ಕೆ ನಿಯಮ ಮಾಡಿದೆ. ವರ್ಷದ ಆದಾಯ 3 ಲಕ್ಷದ ಒಳಗಿನ ಮನೆಗಳಿಗೆ ಅಡಮಾನ ಇಲ್ಲದೆ ಕೊಡುವ ಸಾಲ ಇದು. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಮೂರನೇ ಸಾಲ ಕೊಟ್ಟವರು ಇದನ್ನು ನೋಡಿಯೇ ಕೊಡಬೇಕಿತ್ತು, ಹಾಗಾಗಿ ತಪ್ಪು ನಿಮ್ಮದೊಂದೇ ಅಲ್ಲ. ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಮೊದಲೇ ಇಬ್ಬರೂ ಒಪ್ಪಿದ ಜಾಗದಲ್ಲಿ ವಸೂಲಿ ಮಾಡಬೇಕು. ಸಾಲ ತೆಗೆದವರು ಅಲ್ಲಿಗೆ ಸತತ ಎರಡು ಸಲ ಬರದಿದ್ದರೆ ಮಾತ್ರ ವಸೂಲಿಯವರು ಮನೆಗೆ ಬರಬಹುದು, ಆಗಲೂ ಬೆದರಿಸುವಂತಿಲ್ಲ, ಬೈಯುವಂತಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರಕಾರವೂ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಯಾರು, ಯಾವ ದಿನ, ಎಷ್ಟು ಗಂಟೆಗೆ ಬಂದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಅದನ್ನು ಹಿಡಿದು ಮೊದಲು ಆ ಕಂಪನಿಯ ಕಚೇರಿಗೆ ಬರಹದಲ್ಲಿ ದೂರು ಕೊಡು, ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗು.

ಮತ್ತು ನಾಳೆಯಿಂದ ಹುಡುಗನನ್ನು ಬಾಗಿಲಿಗೆ ಕಳಿಸಬೇಡ ತಮ್ಮಾ. ನೀನೇ ಹೋಗಿ ನಿಲ್ಲು. "ಇಲ್ಲ" ಅನ್ನಬೇಡ, "ಇದ್ದೇನೆ, ಈ ತಿಂಗಳು ಇಷ್ಟೇ ಆಗುತ್ತದೆ" ಅನ್ನು.

---

ಹಾವೇರಿ ಟೀಚರ್

ನಾನು ಸಣ್ಣದೊಂದು ಮಾತು ಸೇರಿಸುತ್ತೇನೆ. ನಮ್ಮ ಅತ್ತೆಗೆ 68 ವರ್ಷ. ಹೊಲದಲ್ಲಿ ಬದುಕಿಡೀ ದುಡಿದರೂ ರೊಕ್ಕ ಅವರ ಕೈಗೆ ಬಂದದ್ದೇ ಇಲ್ಲ. 2023ರಲ್ಲಿ ಗೃಹಲಕ್ಷ್ಮಿಯ 2 ಸಾವಿರ ಅವರ ಖಾತೆಗೆ ಬಂದಾಗ ಮೊದಲ ಮೂರು ಕಂತು ಮಗನ ಕೈಗೇ ಕೊಟ್ಟರು. ನಾಲ್ಕನೆಯದು ಬಂದಾಗ ನಾನು ಅವರನ್ನು ಕರೆದುಕೊಂಡು ಹೋಗಿ, "ಅತ್ತಿ, ಇದು ನಿಮ್ಮದು, ನಿಮಗೆ ಏನು ಬೇಕೋ ಅದನ್ನೇ ತೆಗೆದುಕೊಳ್ಳಿ" ಅಂದೆ. ಪೇಟೆಯಲ್ಲಿ ಒಂದು ತಾಸು ತಿರುಗಾಡಿದರು. ಏನು ಬೇಕು ಅಂತ ಅವರಿಗೇ ಗೊತ್ತಾಗಲಿಲ್ಲ, ಯಾರೂ ಕೇಳಿರಲೇ ಇಲ್ಲವಲ್ಲ. ಕೊನೆಗೆ ಕನ್ನಡಕದ ಅಂಗಡಿ ಮುಂದೆ ನಿಂತರು. ಈಗ ದಿನಾ ಪೇಪರಿನ ಹೆಡ್ಡಿಂಗು ಜೋರಾಗಿ ಓದಿ ನಮಗೆಲ್ಲ ಕೇಳಿಸುತ್ತಾರೆ.

ನಿಮಗೂ ತಮಗಾಗಿ ಖರ್ಚು ಮಾಡುವುದು ಬರುವುದಿಲ್ಲ ಅಂತ ಕಾಣುತ್ತದೆ. ಒಬ್ಬರೇ ಹೋಗಬೇಡಿ. ಮಗಳನ್ನು ಕರೆದುಕೊಂಡು ಹೋಗಿ, ಚಪ್ಪಲಿ ಅವಳು ಆರಿಸಲಿ.

---

ಬ್ಯಾಡಗಿ ಮಗಳು (ಹುಬ್ಬಳ್ಳಿ)

ಎಲ್ಲರಿಗೂ ತುಂಬಾ ಧನ್ಯವಾದ. ಹನ್ನೆರಡು ದಿನ ಆಯಿತು, ಏನೇನಾಯಿತು ಅಂತ ಹೇಳುತ್ತೇನೆ. ತಾರಿಹಾಳದ ಅಣ್ಣಾ, ನೀವು ಬರೆದದ್ದು ಓದಿ ನನಗೆ ತುಂಬಾ ಸಂಕಟ ಆಯಿತು, ಲೆಕ್ಕ ಬರೆಯಲು, ದೂರಿನ ಅರ್ಜಿ ಬರೆಯಲು ಏನಾದರೂ ಬೇಕಿದ್ದರೆ ಕೇಳಿ, ಅದು ನನಗೆ ಚೆನ್ನಾಗಿ ಬರುತ್ತದೆ.

ಆಪ್ ದಿನಕ್ಕೊಮ್ಮೆ ತೆರೆಯುತ್ತಿದ್ದೇನೆ, ಸಪ್ತಾಪುರದ ಅಕ್ಕ ಹೇಳಿದ ಹಾಗೆ ಕೆಲಸ ಇಲ್ಲದ ಹೊತ್ತಿನಲ್ಲಿ. ಮೊದಲ ನಾಲ್ಕು ದಿನ ಕಷ್ಟ ಆಯಿತು. ಈಗ ಕೈ ತಣ್ಣಗಾಗುವುದು ಸ್ವಲ್ಪ ಕಡಿಮೆ, ಪೂರ್ತಿ ಹೋಗಿಲ್ಲ. ಯಜಮಾನರಿಗೆ ಬಾಗಿಲ ಕಥೆ ಹೇಳಿದೆ. ಮದುವೆಯಾಗಿ 11 ವರ್ಷದಲ್ಲಿ ಹೇಳಿರಲಿಲ್ಲ. ಅವರು ಏನೂ ಅನ್ನಲಿಲ್ಲ, ಆದರೆ ಮರುದಿನದಿಂದ ಸಂಜೆ ಯಾರು ಬಾಗಿಲು ಬಡಿದರೂ ಅವರೇ ಎದ್ದು ಹೋಗುತ್ತಿದ್ದಾರೆ.

ಮಗಳಿಗೂ ಹೇಳಿದೆ. ನಮ್ಮ ಹತ್ತಿರ 700 ರೂಪಾಯಿ ಇತ್ತು, ಅವ್ವ ಹೆದರಿ ಬೇಡ ಅಂದಳು, ಅದು ಅವ್ವನ ತಪ್ಪು ಅಂತ. "ಹಾಗಾದರೆ ನಾವು ಬಡವರಲ್ವಾ?" ಅಂತ ಕೇಳಿದಳು. ಪಾಸ್‌ಬುಕ್ ತೋರಿಸಿ ಯಾವುದು ಯಾತಕ್ಕೆ ಅಂತ ಹೇಳಿದೆ. ಅವಳೇ ಒಂದು ಚೀಟಿಯಲ್ಲಿ ಹೆಸರು ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ.

ಭಾನುವಾರ ಊರಿಗೆ ಫೋನ್ ಮಾಡಿ ಅವ್ವನನ್ನು ಕೇಳಿದೆ, ನನ್ನನ್ನು ಬಾಗಿಲಿಗೆ ಕಳಿಸುತ್ತಿದ್ದದ್ದು ನೆನಪಿದೆಯಾ ಅಂತ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ "ಅವರಿಗೂ ಗೊತ್ತಿತ್ತವ್ವಾ, ನಿಮ್ಮಪ್ಪನ ಸೈಕಲ್ಲು ಕಟ್ಟಿ ಬಾಜೂಕೇ ನಿಂತಿರ್ತಿತ್ತಲ್ಲ" ಅಂದಳು. ನನಗೆ ಆ ಸೈಕಲ್ಲು ನೆನಪೇ ಇರಲಿಲ್ಲ. ಇಷ್ಟು ವರ್ಷ ನಾನು ಒಬ್ಬರಿಗೆ ಮೋಸ ಮಾಡಿದೆ ಅಂದುಕೊಂಡಿದ್ದೆ. ಅವರು ಸೈಕಲ್ಲು ನೋಡಿಯೂ ನನಗೆ ಏನೂ ಅನ್ನದೆ "ಆಯ್ತವ್ವಾ" ಅಂತ ಹೋಗುತ್ತಿದ್ದರು.

ಕಾಕಾ, ಒಂದು ಕೇಳುವುದಿದೆ. ಎಫ್‌ಡಿ ಮಾಡಿದೆ, ಜೊತೆಗೆ ತಿಂಗಳಿಗೆ 4 ಸಾವಿರದ ಆರ್‌ಡಿ ಶುರು ಮಾಡಬೇಕು ಅಂತಿದ್ದೇನೆ. ಪಗಾರ 7ಕ್ಕೆ ಬರುತ್ತದೆ, ತಾರೀಖು ಯಾವುದು ಇಡಲಿ?

---

ಬೆಟಗೇರಿ ಕಾಕಾ (ಗದಗ)

10 ಇಡು ತಂಗಿ. ಒಂದೆರಡು ದಿನ ಪಗಾರ ತಡ ಆದರೂ ನಡೆಯುತ್ತದೆ. ಚಪ್ಪಲಿ ತಂದೆಯಾ?

---

ಬ್ಯಾಡಗಿ ಮಗಳು (ಹುಬ್ಬಳ್ಳಿ)

ಈ ಶನಿವಾರ ಸಂಜೆ ಹೋಗುತ್ತೇವೆ ಕಾಕಾ. ಮಗಳೂ ಬರುತ್ತಾಳೆ.